ನಾಲ್ಕು ಪಾಲು, ಮೂರು ಮನೆ

ರಾಜಾಜಿನಗರದಲ್ಲಿ ನಮ್ಮ ಮನೆಯಿದ್ದದ್ದು ನಲವತ್ತು ಅರವತ್ತರ ಸೈಟಿನಲ್ಲಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1976ರಲ್ಲಿ ಅಸ್ತಿತ್ವಕ್ಕೆ ಬರುವ ಮೊದಲು ಊರಿನಲ್ಲಿ ಸೈಟು ಹಂಚುತ್ತಿದ್ದುದು ಸಿಐಟಿಬಿ ಎಂಬ ನಗರ ಸುಧಾರಣಾ ಮಂಡಳಿ. ಅಪ್ಪನ ಹಂಚಿಕೆ ಪತ್ರದ ಮೇಲಿರುವುದು ಅದರ ಮೊಹರೇ. ಕಾರ್ಖಾನೆಯಿಂದ ಸಾಲ ಪಡೆದು ಮೊದಲು ಎರಡು ಕೋಣೆ, ಆಮೇಲೊಂದು ಪಡಸಾಲೆ, ನಾನು ಹೈಸ್ಕೂಲು ಸೇರುವ ಹೊತ್ತಿಗೆ ಮಹಡಿಯ ಮೇಲೊಂದು ಕೋಣೆ ಎಂದು ಅವರು ಆ ಮನೆಯನ್ನು ಕಂತುಗಳಲ್ಲಿ ಕಟ್ಟಿದರು. ಆದ್ದರಿಂದಲೇ ಅದರ ಒಂದು ಕೋಣೆಯ ನೆಲಕ್ಕೂ ಇನ್ನೊಂದರ ನೆಲಕ್ಕೂ ಅರ್ಧ ಗೇಣು ವ್ಯತ್ಯಾಸವಿತ್ತು, ಮನೆಗೆ ಬಂದ ನೆಂಟರು ಒಮ್ಮೆಯಾದರೂ ಎಡವುತ್ತಿದ್ದರು. ಗಾಳಿ ಇತ್ತ ಬೀಸಿದ ದಿನ ಸಾಬೂನು ಕಾರ್ಖಾನೆಯ ಶ್ರೀಗಂಧದ ಪರಿಮಳ ಅಂಗಳದವರೆಗೆ ಬರುತ್ತಿತ್ತು. ಮುಂದೆ ಪಾದಚಾರಿ ಮಾರ್ಗದಲ್ಲಿ ಒಂದು ಹೊಂಗೆ ಮರ, ಅದರ ಕೆಳಗೆ ಮೂವತ್ತು ವರ್ಷಗಳಿಂದ ನಿಂತಿದ್ದ ಇಸ್ತ್ರಿ ಗಾಡಿ.

ಈ ಮನೆಯನ್ನು ಕೆಡವಿ, ಜಾಗ ನಮ್ಮದು, ಕಟ್ಟುವ ಖರ್ಚು ಅವರದು ಎಂದು ಬಿಲ್ಡರ್ ಒಬ್ಬರೊಡನೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಂಡು, ಅದೇ ಜಾಗದಲ್ಲಿ ಆರು ಫ್ಲ್ಯಾಟುಗಳ ಕಟ್ಟಡ ಏಳುವಂತೆ ಮಾಡಿದವರು ನಾವೇ. ಯಾರೂ ನಮ್ಮನ್ನು ಬಲವಂತ ಮಾಡಲಿಲ್ಲ. 2021ರ ಮಳೆಗಾಲದಲ್ಲಿ ಪಡಸಾಲೆಯ ಚಾವಣಿಯಿಂದ ಗಾರೆ ಕಳಚಿ ಅಮ್ಮನ ಮಂಚದ ಪಕ್ಕ ಬಿತ್ತು. ರಿಪೇರಿಗೆ ಮೇಸ್ತ್ರಿ ಹೇಳಿದ ಮೊತ್ತ ನನ್ನ ಪಿಂಚಣಿಯ ಎರಡು ವರ್ಷದ ಹಣಕ್ಕಿಂತ ಹೆಚ್ಚಿತ್ತು. ಅಷ್ಟರಲ್ಲಾಗಲೇ ನಮ್ಮ ಅಡ್ಡರಸ್ತೆಯಲ್ಲಿ ಹಳೆಯ ಮನೆಗಳು ಒಂಬತ್ತು ಮಾತ್ರ ಉಳಿದಿದ್ದವು. ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಜಾಗದಲ್ಲಿ ಮಾಲ್ ಮತ್ತು ಗೋಪುರದಂತಹ ಕಟ್ಟಡಗಳು ಬಂದು, 2014ರ ಮಾರ್ಚ್‌ನಲ್ಲಿ ಮೆಟ್ರೊ ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ಓಡತೊಡಗಿದ ಮೇಲೆ, ಗೇಟಿಗೆ ಸಿಕ್ಕಿಸಿ ಹೋಗುವ ಬಿಲ್ಡರ್‌ಗಳ ವಿಸಿಟಿಂಗ್ ಕಾರ್ಡುಗಳನ್ನು ಅಮ್ಮ ಹಾಲಿನ ಲೆಕ್ಕ ಬರೆಯಲು ಬಳಸುತ್ತಿದ್ದರು.

ಮೊದಲ ಒಂದು ವರ್ಷ ಕಾಗದಗಳಿಗೇ ಹೋಯಿತು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿದ್ದರೂ ಖಾತೆ ಅವರ ಹೆಸರಿನಲ್ಲೇ ಇತ್ತು, ಕಂದಾಯವನ್ನೂ ಅವರ ಹೆಸರಿನಲ್ಲೇ ಕಟ್ಟುತ್ತಿದ್ದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ, ಸ್ವಾಧೀನ ಪತ್ರ, ಮೂಲ ಕ್ರಯಪತ್ರ, ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರ ಇವೆಲ್ಲ ಒಂದು ಕಡತಕ್ಕೆ ಬರಬೇಕಿತ್ತು. ಋಣಭಾರ ಪ್ರಮಾಣಪತ್ರದಲ್ಲಿ 2004ರ ಈಚೆಗಿನದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದರ ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೈಬರಹದ ದಪ್ಪ ಪುಸ್ತಕಗಳನ್ನು ತೆಗೆಸಬೇಕು. ಅಪ್ಪ ತಮ್ಮ ಹೆಸರನ್ನು ಒಂದು ಕಡೆ ಊರಿನ ಅಕ್ಷರ ಸೇರಿಸಿಯೂ ಇನ್ನೊಂದು ಕಡೆ ಬಿಟ್ಟೂ ಬರೆದಿದ್ದರಿಂದ, ಇಬ್ಬರೂ ಒಬ್ಬರೇ ಎಂದು ನಾವು ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕಾಯಿತು. ನಲವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದಿದ ಮನುಷ್ಯ ಒಬ್ಬರೇ ಎಂದು ಇಪ್ಪತ್ತು ರೂಪಾಯಿಯ ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕುವಾಗ ನಗು ಬಂದದ್ದು ನಿಜ.

ಕಾಗದಕ್ಕಿಂತ ಕಷ್ಟವಾದದ್ದು ಪಾಲಿನ ಮಾತು. ನಾವು ಮೂವರು ಮಕ್ಕಳು. ಅಣ್ಣ ಮೈಸೂರಿನಲ್ಲಿ, ತಂಗಿ ಶಿವಮೊಗ್ಗದಲ್ಲಿ, ಶಾಲಾ ಉಪಾಧ್ಯಾಯಿನಿಯಾಗಿ ನಿವೃತ್ತಳಾದ ನಾನು ಅಮ್ಮನ ಜೊತೆ. ತಂಗಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರೆ ಸಾಕು ಎಂಬುದು ಅಣ್ಣನ ಮನಸ್ಸಿನಲ್ಲಿತ್ತು. ಅದರಲ್ಲಿ ದುರುದ್ದೇಶವಿತ್ತು ಎನ್ನಲಾರೆ, ನಮ್ಮ ಸೋದರತ್ತೆಯರೆಲ್ಲ ಹಾಗೆ ಅರಿಶಿನ ಕುಂಕುಮಕ್ಕೆ ಸಹಿ ಹಾಕಿ ಹೋದವರೇ. ಹೆಣ್ಣುಮಕ್ಕಳ ಹಕ್ಕು 2005ರ ತಿದ್ದುಪಡಿಯಿಂದ ಬಂದದ್ದಲ್ಲವೇ, ಅಪ್ಪ ಸೈಟು ಕೊಂಡದ್ದು ಅದಕ್ಕೂ ಹಿಂದೆ ಎಂದು ಅವನು ಕೇಳಿದಾಗ ವಕೀಲರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಆ ತಿದ್ದುಪಡಿ ಪಿತ್ರಾರ್ಜಿತಕ್ಕೆ ಸಂಬಂಧಿಸಿದ್ದು. ಇದು ಅಪ್ಪನ ಸ್ವಯಾರ್ಜಿತ. ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತದಲ್ಲಿ ಹೆಂಡತಿಗೂ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಸಮಪಾಲು ಎಂದು 1956ರ ಕಾಯ್ದೆಯೇ ಹೇಳಿದೆ. ಅಣ್ಣ ಸುಮ್ಮನಾದ. ಆಮೇಲೆ ಅವನೇ ತಂಗಿಗೆ ಫೋನು ಮಾಡಿದ.

ಬಿಲ್ಡರ್ ಹೇಳಿದ ಲೆಕ್ಕ ಸರಳವಾಗಿತ್ತು. ಕೆಳಗೆ ಕಂಬಗಳ ನಡುವೆ ಕಾರು ನಿಲ್ಲಿಸುವ ಜಾಗ, ಮೇಲೆ ಮೂರು ಅಂತಸ್ತು, ಪ್ರತಿ ಅಂತಸ್ತಿನಲ್ಲಿ ಎರಡು ಮಲಗುವ ಕೋಣೆಯ ಎರಡು ಮನೆ. ಒಟ್ಟು ಆರು, ನಮಗೆ ಮೂರು, ಅವರಿಗೆ ಮೂರು. ಇದರ ಜೊತೆಗೆ ಹಿಂದಿರುಗಿಸಬೇಕಿಲ್ಲದ ಒಂದಿಷ್ಟು ಮುಂಗಡ, ಕಟ್ಟುವ ಎರಡು ವರ್ಷ ನಮ್ಮ ಬಾಡಿಗೆ ಮನೆಯ ಖರ್ಚು. ಮೂರು ಮನೆ, ಮೂವರು ಮಕ್ಕಳು ಎಂದು ಅಣ್ಣ, ಅತ್ತಿಗೆ, ತಂಗಿ, ನಾನು ಊಟದ ಮೇಜಿನ ಸುತ್ತ ಕುಳಿತು ಯಾವ ಅಂತಸ್ತು ಯಾರಿಗೆ ಎಂದು ಅರ್ಧ ಗಂಟೆ ಮಾತಾಡಿದ ಮೇಲೆ, ಅವರೆಕಾಳು ಹಿತುಕುತ್ತ ಕುಳಿತಿದ್ದ ಅಮ್ಮ ತಲೆಯೆತ್ತದೆ ಕೇಳಿದರು: "ನಂದು ಯಾವುದು?"

ಯಾರ ಬಳಿಯೂ ಉತ್ತರವಿರಲಿಲ್ಲ. ವಕೀಲರು ನಾಲ್ಕು ಪಾಲು ಎಂದು ಹೇಳಿ ಇನ್ನೂ ಒಂದು ವಾರವಾಗಿತ್ತು, ಮನೆಗೆ ಬಂದ ಕೂಡಲೇ ನಾವು ಅದನ್ನು ಮೂರು ಮಾಡಿಕೊಂಡಿದ್ದೆವು. ಅಮ್ಮ ಎಲ್ಲಿದ್ದರೂ ನನ್ನ ಜೊತೆ ಇರುತ್ತಾರೆ ಎಂಬುದು ಸರಿಯೇ, ಆದರೆ ಇರುವುದು ಬೇರೆ, ಹೆಸರಿನಲ್ಲಿರುವುದು ಬೇರೆ ಎಂದು ಅರವತ್ತು ವರ್ಷ ಅಪ್ಪನ ಹೆಸರಿನ ಮನೆಯಲ್ಲಿ ಬಾಳಿದ ಅಮ್ಮನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಮೊದಲ ಅಂತಸ್ತಿನ ಮನೆ ಅಮ್ಮನ ಮತ್ತು ನನ್ನ ಜಂಟಿ ಹೆಸರಿಗೆ, ಅಣ್ಣನಿಗೂ ತಂಗಿಗೂ ಒಂದೊಂದು, ಬಿಲ್ಡರ್ ಕೊಡುವ ಮುಂಗಡವಷ್ಟೂ ಬ್ಯಾಂಕಿನಲ್ಲಿ ಅಮ್ಮನ ಹೆಸರಿನ ಠೇವಣಿಗೆ ಎಂದು ತೀರ್ಮಾನವಾಯಿತು. ಅದನ್ನು ಬಾಯಿಮಾತಿಗೆ ಬಿಡದೆ ಕುಟುಂಬದ ಒಪ್ಪಂದವಾಗಿ ಬರೆಸಿದೆವು.

ಜಂಟಿ ಅಭಿವೃದ್ಧಿ ಒಪ್ಪಂದದ ಕರಡು ಇಂಗ್ಲಿಷಿನಲ್ಲಿ ನಲವತ್ತೊಂದು ಪುಟ ಇತ್ತು. ಈ ಹಾದಿ ಹಿಡಿಯುವವರಿಗೆ ಉಪಯೋಗವಾಗಬಹುದಾದ ಸಂಗತಿಗಳಿರುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೆರೆಹೊರೆಯವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಷ್ಟು ಪರ್ಸೆಂಟ್?" ಐವತ್ತು ಐವತ್ತು ಎಂದರೆ ಒಬ್ಬರು ಮೂಗು ಮುರಿಯುತ್ತಿದ್ದರು, ಇನ್ನೊಬ್ಬರು ತಲೆದೂಗುತ್ತಿದ್ದರು. ಆದರೆ ಯಾವುದರ ಐವತ್ತು ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ. ಕರಡಿನಲ್ಲಿದ್ದದ್ದು ಸೂಪರ್ ಬಿಲ್ಟಪ್ ಅಳತೆ, ಅಂದರೆ ಮೆಟ್ಟಿಲು, ಲಿಫ್ಟು, ಓಣಿ ಎಲ್ಲವನ್ನೂ ಹಂಚಿ ಸೇರಿಸಿದ ಲೆಕ್ಕ. ಗೋಡೆಯೊಳಗೆ ಚಾಪೆ ಹಾಸಬಹುದಾದ ಕಾರ್ಪೆಟ್ ಅಳತೆ ಅದಕ್ಕಿಂತ ಬಹಳ ಕಡಿಮೆ. ನಮ್ಮ ವಕೀಲರು ಪ್ರತಿ ಮನೆಗೂ ಕಾರ್ಪೆಟ್ ಅಳತೆಯನ್ನು ಬರೆಸಿದರು, ಭೂಮಿಯಲ್ಲಿ ಪ್ರತಿ ಮನೆಗೆ ಬರುವ ವಿಭಜಿಸದ ಪಾಲು ಎಷ್ಟು ಚದರಡಿ ಎಂಬುದನ್ನೂ ಬರೆಸಿದರು.

ಎರಡನೆಯದು ಅಧಿಕಾರ ಪತ್ರ, ಎಲ್ಲರೂ ಜಿಪಿಎ ಎನ್ನುವುದು. ಒಪ್ಪಂದದ ಜೊತೆಗೇ ಬಿಲ್ಡರ್‌ಗೆ ಅದನ್ನು ಕೊಡಬೇಕಾಗುತ್ತದೆ, ಇಲ್ಲವಾದರೆ ನಕ್ಷೆ ಮಂಜೂರಾತಿಗೆ ಪ್ರತಿ ಸಲ ನಾವೇ ಓಡಬೇಕು. ಆದರೆ ಕರಡಿನಲ್ಲಿದ್ದ ಜಿಪಿಎ ಪ್ರಕಾರ ಅವರು ಮೊದಲ ದಿನದಿಂದಲೇ ತಮ್ಮ ಪಾಲಿನ ಮನೆಗಳನ್ನು ನೋಂದಣಿ ಮಾಡಿಕೊಡಬಹುದಿತ್ತು. ನಮ್ಮ ಮೂರು ಮನೆಗಳ ಸ್ವಾಧೀನ ಕೊಟ್ಟ ಮೇಲೆಯೇ ಅವರ ಮೂರರ ಕ್ರಯಪತ್ರ ಎಂದು ತಿದ್ದಿಸಲು ಎರಡು ತಿಂಗಳು ಹಿಡಿಯಿತು. ಕಟ್ಟಡ ಯೋಜನೆಗಳನ್ನು ನಿಯಂತ್ರಿಸುವ ರೇರಾ ಕಾಯ್ದೆ ಇದೆಯಲ್ಲ, ಹೆದರಿಕೆ ಯಾಕೆ ಎಂದು ಅತ್ತಿಗೆ ಕೇಳಿದ್ದರು. 2016ರ ಆ ಕಾಯ್ದೆಯಲ್ಲಿ ಐನೂರು ಚದರ ಮೀಟರ್ ಮೀರದ ಜಾಗಕ್ಕೂ ಎಂಟು ಮನೆ ಮೀರದ ಕಟ್ಟಡಕ್ಕೂ ನೋಂದಣಿಯ ಕಡ್ಡಾಯವಿಲ್ಲ. ನಮ್ಮದು 2,400 ಚದರಡಿ, ಎಂದರೆ 223 ಚದರ ಮೀಟರ್, ಮನೆ ಆರು. ಹಳೆಯ ಬಡಾವಣೆಗಳಲ್ಲಿ ಒಂದೊಂದೇ ಸೈಟಿನಲ್ಲಿ ಏಳುತ್ತಿರುವ ಬಹುಪಾಲು ಕಟ್ಟಡಗಳ ಸ್ಥಿತಿ ಇದೇ. ಹೀಗಾಗಿ ನಮ್ಮನ್ನು ಕಾಯುವುದೇನಿದ್ದರೂ ಆ ನಲವತ್ತೊಂದು ಪುಟಗಳೇ ಎಂಬುದು ಮನವರಿಕೆಯಾದ ಮೇಲೆ ನಾನು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವಳಂತೆ ಕೆಂಪು ಪೆನ್ನು ಹಿಡಿದು ಕುಳಿತೆ. ಕೆಳಗಿನ ಜಾಗ ಆರು ಮನೆಯವರ ವಾಹನ ನಿಲುಗಡೆಗೆ ಮಾತ್ರ, ಅಲ್ಲಿ ಯಾವುದೇ ಅಂಗಡಿ, ಗೋದಾಮು, ವ್ಯಾಪಾರ ನಡೆಯಕೂಡದು ಎಂಬ ಕಲಮು ನನ್ನದೇ ಸೇರ್ಪಡೆ. ಮೂರನೆಯ ಅಡ್ಡರಸ್ತೆಯಲ್ಲಿ ಬಿಲ್ಡರ್ ಒಬ್ಬರು ಕಾರು ನಿಲ್ಲಿಸುವ ಜಾಗಕ್ಕೆ ಗೋಡೆ ಎಬ್ಬಿಸಿ ಕೊರಿಯರ್ ಕಂಪನಿಗೆ ಬಾಡಿಗೆ ಕೊಟ್ಟದ್ದನ್ನು ನಾನು ಕಂಡಿದ್ದೆ.

ಆಷಾಢದಲ್ಲಿ ಸಹಿ ಬೇಡ ಎಂದು ಬಿಲ್ಡರ್ ಹೇಳಿದ್ದರಿಂದ 2022ರ ಶ್ರಾವಣದಲ್ಲಿ ನೋಂದಣಿಯಾಯಿತು. ಉಪನೋಂದಣಾಧಿಕಾರಿಗಳ ಕಚೇರಿಯ ಜನಸಂದಣಿ ರಾಹುಕಾಲ ಶುರುವಾಗುತ್ತಿದ್ದಂತೆ ತಟ್ಟನೆ ಕರಗಿತು; ನಮ್ಮ ವಕೀಲರು ಕಣ್ಣು ಮಿಟುಕಿಸಿ, ಈಗಲೇ ಒಳಗೆ ಹೋಗೋಣವೇ ಎಂದರು. ಬಿಲ್ಡರ್ ಒಪ್ಪಲಿಲ್ಲ. ಅಮ್ಮನ ಹೆಬ್ಬೆರಳಿನ ಗೆರೆಗಳು ಸವೆದು ಯಂತ್ರಕ್ಕೆ ಸಿಗದೆ, ಐದನೆಯ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿದ ಮೇಲೆ ಮೂಡಿತು.

ಮನೆ ಕೆಡವುವವರು ಬೇರೆಯೇ ಒಂದು ವರ್ಗ. ಅವರು ಮನೆಯನ್ನು ನೋಡುವುದು ತೂಕದ ಲೆಕ್ಕದಲ್ಲಿ: ತೇಗದ ಬಾಗಿಲು ಇಷ್ಟು, ಕಿಟಕಿಯ ಸರಳು ಇಷ್ಟು, ಹಳೆಯ ಇಟ್ಟಿಗೆ ಸಾವಿರಕ್ಕೆ ಇಷ್ಟು. ಆ ಸಾಮಾನಿನ ಹಣ ಯಾರದು ಎಂಬುದನ್ನೂ ಒಪ್ಪಂದದಲ್ಲಿ ಬರೆಯಬೇಕು, ನಾವು ಬರೆದಿರಲಿಲ್ಲ, ಅದು ಬಿಲ್ಡರ್‌ಗೆ ಹೋಯಿತು. ಮುಂಬಾಗಿಲು ಮತ್ತು ಹೊಸ್ತಿಲು, ಒರಳುಕಲ್ಲು, ಅಪ್ಪ ತಾವೇ ನಿಂತು ಮಾಡಿಸಿದ್ದ ಒಂದು ಕಪಾಟು ಮಾತ್ರ ಕೇಳಿ ಪಡೆದೆವು. ರೆಡ್ ಆಕ್ಸೈಡ್ ನೆಲವನ್ನು ಎತ್ತಿಕೊಂಡು ಹೋಗಲಾಗುವುದಿಲ್ಲ. ಹಿತ್ತಲ ಮಾವಿನ ಮರಕ್ಕೆ ವೃಕ್ಷಾಧಿಕಾರಿಗಳ ಅನುಮತಿ ಪಡೆಯಬೇಕಿತ್ತು, ಪಡೆದರು. ಮುಂದಿನ ಹೊಂಗೆ ಉಳಿಯಿತು, ಆದರೆ ಕಾರುಗಳು ಒಳಗೆ ಹೋಗುವ ಇಳಿಜಾರು ಅದರ ಬುಡದ ಪಕ್ಕದಲ್ಲೇ ಬರುವಂತೆ ನಕ್ಷೆಯಾದ್ದರಿಂದ ಇಸ್ತ್ರಿ ಗಾಡಿ ಅಲ್ಲಿಂದ ಏಳಬೇಕಾಯಿತು. "ಕಟ್ಟಿ ಮುಗಿದ ಮೇಲೆ ನೋಡೋಣ ಬಿಡಿ" ಎಂದು ನಾನೇ ಅವರಿಗೆ ಹೇಳಿದ್ದೆ.

ಪಾಯ ತೋಡುವಾಗ ಎಡಗಡೆಯ ಮನೆಯ ಕಾಂಪೌಂಡಿನಲ್ಲಿ ಬಿರುಕು ಕಾಣಿಸಿತು. ಆ ಮನೆಯ ಹಿರಿಯರು ಬಿಲ್ಡರ್‌ಗೆ ಒಂದು ಮಾತನ್ನೂ ಹೇಳದೆ ನಮ್ಮ ಬಾಡಿಗೆ ಮನೆಗೆ ಬಂದು, ಐವತ್ತು ವರ್ಷದ ಸಲುಗೆಯಲ್ಲಿ ಅಮ್ಮನೊಡನೆ ದೂರಿದರು. ಭೂಮಿ ನಮ್ಮ ಹೆಸರಿನಲ್ಲಿರುವವರೆಗೆ ನೆರೆಯವರ ಪಾಲಿಗೆ ಕೆಲಸವೂ ನಮ್ಮದೇ. ಕೆಲಸ ಶುರುವಾಗುವ ಮೊದಲು ಎರಡೂ ಕಡೆಯ ಗೋಡೆಗಳ ಫೋಟೊ ತೆಗೆದಿಟ್ಟಿದ್ದರಿಂದ ಯಾವ ಬಿರುಕು ಹಳೆಯದು, ಯಾವುದು ಹೊಸದು ಎಂಬ ಜಗಳ ಒಂದು ಸಂಜೆಯಲ್ಲಿ ಮುಗಿಯಿತು.

2024ರ ಬೇಸಿಗೆ ಊರಿಗೆಲ್ಲ ನೀರಿನ ಬರ ತಂದಿತು. ಮಾರ್ಚ್‌ನಲ್ಲಿ ಜಲಮಂಡಳಿ, ಕಟ್ಟಡ ಕೆಲಸಕ್ಕೂ ಕಾರು ತೊಳೆಯುವುದಕ್ಕೂ ಕುಡಿಯುವ ನೀರು ಬಳಸಿದರೆ ಐದು ಸಾವಿರ ರೂಪಾಯಿ ದಂಡ ಎಂದು ಆದೇಶಿಸಿದಾಗ ನಮ್ಮ ಎರಡನೆಯ ಅಂತಸ್ತಿನ ಚಾವಣಿಗೆ ಆಗಷ್ಟೇ ಕಾಂಕ್ರೀಟು ಹಾಕಿದ್ದರು. ಹೊಸ ಕಾಂಕ್ರೀಟಿಗೆ ದಿನವೂ ನೀರುಣಿಸಬೇಕು. ಸಂಸ್ಕರಿಸಿದ ನೀರಿನ ಟ್ಯಾಂಕರು ಸರತಿಯಲ್ಲಿ ಬರಬೇಕು. ಬಾಡಿಗೆ ಮನೆಯಲ್ಲಿ ನಮಗೇ ಎರಡು ದಿನಕ್ಕೊಮ್ಮೆ ನೀರು ಬರುತ್ತಿದ್ದ ಆ ದಿನಗಳಲ್ಲಿ, ಕಟ್ಟಡಕ್ಕೆ ಟ್ಯಾಂಕರು ಬಂತೇ ಎಂದು ನಾನು ಬೆಳಿಗ್ಗೆ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದೆ. ಕೆಲಸ ಮೂರು ತಿಂಗಳು ಹಿಂದೆ ಬಿತ್ತು.

ನಿಜವಾದ ಬಿಕ್ಕಟ್ಟು ಬಂದದ್ದು ಆ ವರ್ಷದ ಕೊನೆಯಲ್ಲಿ. ಮೂರನೆಯ ಅಂತಸ್ತು ಮುಗಿದ ಮೇಲೂ ಕಂಬಗಳ ಕಂಬಿಗಳನ್ನು ಕತ್ತರಿಸದೆ ಮೇಲಕ್ಕೆ ಚಾಚಿ ಬಿಟ್ಟಿದ್ದರು. ಕೇಳಿದರೆ ಬಿಲ್ಡರ್ ನಯವಾಗಿ, ಇನ್ನೊಂದು ಅಂತಸ್ತು ಹಾಕೋಣ, ಬರುವುದರಲ್ಲಿ ನಿಮಗೂ ಅರ್ಧ ಎಂದರು. ಮಂಜೂರಾದ ನಕ್ಷೆಯಲ್ಲಿ ಇಲ್ಲವಲ್ಲ ಎಂದೆ. "ಈ ರೋಡಲ್ಲಿ ಯಾರು ಮೇಡಂ ಹಾಕಿಲ್ಲ? ನಾಳೆ ಸಕ್ರಮ ಬಂದ್ರೆ ಎಲ್ಲಾ ಸರಿ ಹೋಗುತ್ತೆ" ಎಂದರು. ಅವರ ಮೊದಲ ಮಾತು ಸುಳ್ಳಾಗಿರಲಿಲ್ಲ. ರಸ್ತೆಯಲ್ಲಿ ನಿಂತು ಎಣಿಸಿದರೆ ಹೊಸ ಕಟ್ಟಡಗಳಲ್ಲಿ ಮೇಲೊಂದು ಕಳ್ಳ ಅಂತಸ್ತು ಇಲ್ಲದವು ಬೆರಳೆಣಿಕೆಯಷ್ಟು. ಆದರೆ ಅಕ್ರಮ ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆಯಾಜ್ಞೆ ಕೊಟ್ಟಿತ್ತು. ಅಣ್ಣ ಮಾತ್ರ ಅಲುಗಾಡಿದ. ಅವನ ಮಗಳ ಓದಿನ ಸಾಲವಿತ್ತು. ಎರಡು ವಾರ ಮನೆಯಲ್ಲಿ ಫೋನು ಬಂದರೆ ಎತ್ತಲು ಹಿಂಜರಿಕೆ. ನಾವು ಒಪ್ಪದಿದ್ದಾಗ ಬಿಲ್ಡರ್ ಬೇಡವೆನ್ನಲಿಲ್ಲ, ಬರಿದೆ ಕೆಲಸದವರನ್ನು ಬೇರೆ ಕಡೆಗೆ ಕಳಿಸಿದರು. ಬಾಗಿಲು ಕಿಟಕಿ ಕೂಡಿಸದ ಕಟ್ಟಡ ಖಾಲಿ ನಿಂತಿತು.

ಆ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ನಮ್ಮ ಮನೆಯ ವಾದವನ್ನು ನಿಲ್ಲಿಸಿತು. ಕಟ್ಟಡದಲ್ಲಿ ವಾಸಿಸಬಹುದು ಎಂಬ ಸ್ವಾಧೀನಾನುಭವ ಪ್ರಮಾಣಪತ್ರ, ಎಂದರೆ ಓಸಿ, ಇಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದು ಅದರಲ್ಲಿತ್ತು. ನಕ್ಷೆಗೆ ವಿರುದ್ಧವಾಗಿ ಅಂತಸ್ತು ಎದ್ದರೆ ಓಸಿ ಸಿಗದು, ಓಸಿ ಇಲ್ಲದಿದ್ದರೆ ಬಿಲ್ಡರ್ ಪಾಲಿನ ಮೂರು ಮನೆ ಕೊಳ್ಳುವವರಿಗೂ ಸಾಲ ಸಿಗದು. ನಮ್ಮ ನೀತಿಬೋಧೆಗೆ ಬಗ್ಗದ ಬಿಲ್ಡರ್ ಈ ಲೆಕ್ಕಕ್ಕೆ ಬಗ್ಗಿದರು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಂಬಿ ಕತ್ತರಿಸುವ ಸದ್ದು ಎರಡು ಬೀದಿ ಆಚೆಯ ನಮ್ಮ ಬಾಡಿಗೆ ಮನೆಗೂ ಕೇಳಿಸಿತು. ತಡವಾದ ತಿಂಗಳುಗಳಿಗೆ ಒಪ್ಪಂದದಲ್ಲಿದ್ದ ಪರಿಹಾರವನ್ನು ಪೂರ್ತಿ ಕೇಳದೆ ಅರ್ಧಕ್ಕೆ ರಾಜಿಯಾದೆವು.

ಉಳಿದದ್ದು ಬೇಗ ಹೇಳಬಹುದು. ವಿದ್ಯುತ್ ಮೀಟರುಗಳ ತಕರಾರು, ಮಳೆನೀರು ಕೊಯ್ಲಿನ ಗುಂಡಿ ತೋಡದೆ ಪೈಪು ಮಾತ್ರ ಇಳಿಸಿದ್ದನ್ನು ಹಿಡಿದು ಮತ್ತೆ ತೋಡಿಸಿದ್ದು, ಆರು ಮನೆಗೂ ಬೇರೆ ಬೇರೆ ಇ ಖಾತೆ. ಬಂಡವಾಳ ಲಾಭದ ತೆರಿಗೆ ಒಪ್ಪಂದದ ವರ್ಷಕ್ಕಲ್ಲ, ಕಟ್ಟಡ ಪೂರ್ಣವಾದ ಪ್ರಮಾಣಪತ್ರ ಸಿಕ್ಕ ವರ್ಷಕ್ಕೆ ಬರುತ್ತದೆ ಎಂದು ಲೆಕ್ಕ ಪರಿಶೋಧಕರು ಮೊದಲೇ ಹೇಳಿದ್ದರಿಂದ ಆ ಹಣ ತೆಗೆದಿಟ್ಟಿದ್ದೆವು. ಪಕ್ಕದ ರಸ್ತೆಯ ಪರಿಚಿತರೊಬ್ಬರು ಅದನ್ನು ಮರೆತು ತಮ್ಮ ಪಾಲಿನ ಒಂದು ಫ್ಲ್ಯಾಟನ್ನೇ ಮಾರಬೇಕಾಯಿತು.

ಈಗ ನಾವು ಒಳಗೆ ಬಂದು ಕೆಲವು ತಿಂಗಳಾಗಿವೆ. ಹಳೆಯ ಮುಂಬಾಗಿಲು ಹೊಸ ಚೌಕಟ್ಟಿಗೆ ಎರಡು ಅಂಗುಲ ಹೆಚ್ಚಾಯಿತು, ಬಡಗಿ ಅದನ್ನು ಹೆರೆದು ಕೂರಿಸಿದ. ಹಪ್ಪಳ ಒಣಗಿಸಲು ಅಮ್ಮ ಲಿಫ್ಟಿನಲ್ಲಿ ತಾರಸಿಗೆ ಹೋಗುತ್ತಾರೆ, ಆದರೆ ಅಲ್ಲಿ ಸೌರ ಫಲಕಗಳ ನೆರಳು ಬೀಳದ ಜಾಗವನ್ನು ಇನ್ನೂ ಹುಡುಕುತ್ತಿದ್ದಾರೆ. ಬಿಲ್ಡರ್ ಮಾರಿದ ಮೂರು ಮನೆಗಳಿಗೆ ಬಂದವರು ಒಳ್ಳೆಯ ಜನ; ಎಲ್ಲರೂ ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಬರುವವರು. ಹೊಂಗೆ ಮರ ಈ ವರ್ಷವೂ ಹೂ ಬಿಟ್ಟಿತು, ಇಳಿಜಾರಿನ ಮೇಲೆ ಬಿದ್ದ ಹೂವನ್ನು ಕಾವಲುಗಾರ ಎರಡು ಹೊತ್ತು ಗುಡಿಸುತ್ತಾನೆ.

ಕಳೆದ ತಿಂಗಳು ಇಸ್ತ್ರಿಯವರು ಬಂದಿದ್ದರು. ಈ ಮೂರು ವರ್ಷ ಅವರು ಮುಖ್ಯರಸ್ತೆಯ ಒಂದು ಗೋಡೆಯ ಬಿಸಿಲಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಹಳೆಯ ಗಿರಾಕಿಗಳಲ್ಲಿ ಅರ್ಧದಷ್ಟನ್ನು ಕಳೆದುಕೊಂಡಿದ್ದರು. ಕಟ್ಟಿ ಮುಗಿಯಿತಲ್ಲ ಮೇಡಂ ಎಂದಷ್ಟೇ ಹೇಳಿದರು. ನಮಗೆ ಕಾರಿಲ್ಲ, ನಮ್ಮ ಪಾಲಿನ ನಿಲುಗಡೆ ಜಾಗ ಖಾಲಿ ಬಿದ್ದಿದೆ, ಅಲ್ಲಿ ನಿಲ್ಲಲಿ ಎಂದು ಅಮ್ಮ ತಕ್ಷಣ ಒಪ್ಪಿದರು. ಆರು ಮನೆಯವರ ಸಭೆಯಲ್ಲಿ ನಾನು ಆ ಮಾತೆತ್ತಿದೆ. ಎರಡನೆಯ ಅಂತಸ್ತಿನ ಯುವಕ ಬಹಳ ಮರ್ಯಾದೆಯಿಂದ ಮೊಬೈಲಿನಲ್ಲಿ ತನ್ನ ಕ್ರಯಪತ್ರದ ಪ್ರತಿಯನ್ನು ತೆರೆದು, ಕೆಳಗಿನ ಜಾಗದಲ್ಲಿ ಯಾವುದೇ ಅಂಗಡಿ, ಗೋದಾಮು, ವ್ಯಾಪಾರ ನಡೆಯಕೂಡದು ಎಂಬ ಕಲಮನ್ನು ನನಗೇ ಓದಿ ಹೇಳಿದ. ಅದನ್ನು ಬರೆಸಿದವಳು ನಾನೆಂದು ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಇಸ್ತ್ರಿಯವರು ಈಗ ಮಂಗಳವಾರ ಮತ್ತು ಶುಕ್ರವಾರ ಸೈಕಲ್ಲಿನಲ್ಲಿ ಬಂದು ಬಟ್ಟೆಯ ಗಂಟು ತೆಗೆದುಕೊಂಡು ಹೋಗುತ್ತಾರೆ. ಗೇಟಿನಲ್ಲಿ ಕಾವಲುಗಾರ ಅವರ ಹೆಸರನ್ನೂ ಬಂದ ಹೊತ್ತನ್ನೂ ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಮೇಲಕ್ಕೆ ಬಿಡುತ್ತಾನೆ.